ಹಳೆಯ ಕಾರಿಗೆ ವಿಸ್ತೃತ ವಾರಂಟಿ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಾರಿನ ತಯಾರಕರು ಕೊಟ್ಟ ವಾರಂಟಿಯ ಅವಧಿ ಮುಗಿಯುವ ಹೊತ್ತಿಗೆ ಮಾಲೀಕನ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಇನ್ನಷ್ಟು ಹಣ ತೆತ್ತು ಆ ಅವಧಿಯನ್ನು ಎರಡು ಮೂರು ವರ್ಷ ಮುಂದುವರಿಸಿಕೊಳ್ಳಬೇಕೇ, ಅಥವಾ ಆ ಹಣವನ್ನು ಕೈಯಲ್ಲಿಟ್ಟುಕೊಂಡು ರಿಪೇರಿ ಬಂದಾಗ ನೋಡಿಕೊಳ್ಳಬೇಕೇ? ಮಾರಾಟಗಾರನು ಮೊದಲನೆಯದೇ ಸರಿ ಎನ್ನುತ್ತಾನೆ. ಊರಿನ ಮೆಕ್ಯಾನಿಕನು ಎರಡನೆಯದೇ ಸರಿ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅವರವರ ಹಿತ ಬೆರೆತಿರುವುದು ಸ್ವಾಭಾವಿಕ. ಸಾಮಾನ್ಯ ಸಂಬಳದ ಕುಟುಂಬಕ್ಕೆ ಮನೆಯನ್ನು ಬಿಟ್ಟರೆ ಕಾರೇ ದೊಡ್ಡ ಖರೀದಿ. ಅದರ ಇಂಜಿನ್ ಅಥವಾ ಗೇರುಪೆಟ್ಟಿಗೆ ಒಮ್ಮೆ ಕೈಕೊಟ್ಟರೆ ಮಕ್ಕಳ ಶಾಲೆಯ ಶುಲ್ಕಕ್ಕೆಂದು ಕೂಡಿಸಿಟ್ಟ ಹಣವೇ ಕರಗಿಹೋಗಬಹುದು. ಆದ್ದರಿಂದ ಈ ನಿರ್ಣಯವನ್ನು ಇನ್ನೊಬ್ಬರ ಮಾತಿಗೆ ಬಿಡದೆ, ಗ್ರಾಹಕನು ತಾನೇ ಕಾಗದದ ಮೇಲೆ ಲೆಕ್ಕ ಹಾಕಿ ತೆಗೆದುಕೊಳ್ಳುವುದು ಉಚಿತ.

ಇಲ್ಲಿ ಮಹಾರಾಷ್ಟ್ರದ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳನ್ನು ನಿದರ್ಶನವಾಗಿ ಆರಿಸಿಕೊಳ್ಳಲಾಗಿದೆ. ತ್ರ್ಯಂಬಕೇಶ್ವರ ಮತ್ತು ಪಂಚವಟಿಗಳಿಂದಾಗಿ ನಾಸಿಕವೂ, ವೇರುಳಿನ ಘೃಷ್ಣೇಶ್ವರ ಹಾಗೂ ರಾಷ್ಟ್ರಕೂಟರ ಕೈಲಾಸ ದೇವಾಲಯದಿಂದಾಗಿ 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಸಂಭಾಜಿನಗರವೂ ಕನ್ನಡಿಗರಿಗೆ ಹೊಸವಲ್ಲ. ಅಂಕೋಲೆಯಿಂದ ಹುಬ್ಬಳ್ಳಿ, ವಿಜಯಪುರ, ಸೋಲಾಪುರಗಳ ಮೂಲಕ ಸಾಗುವ 52ನೆಯ ರಾಷ್ಟ್ರೀಯ ಹೆದ್ದಾರಿ ಸಂಭಾಜಿನಗರವನ್ನು ಮುಟ್ಟುತ್ತದೆ. ಅಲ್ಲಿಂದ ಉತ್ತರಕ್ಕೆ ಅದು ಹಾಯುವ ತಾಲೂಕು ಕೇಂದ್ರವೊಂದರ ಹೆಸರೇ ‘ಕನ್ನಡ’ ಎಂಬುದು ಪ್ರಯಾಣಿಕರಿಗೆ ಸೋಜಿಗವನ್ನುಂಟುಮಾಡುವ ಸಂಗತಿ.

ಈ ಎರಡು ಜಿಲ್ಲೆಗಳು ವಾಹನೋದ್ಯಮದ ನೆಲೆಗಳೂ ಹೌದು. ನಾಸಿಕದಲ್ಲಿ ಮಹೀಂದ್ರ ಸಂಸ್ಥೆಯ ಕಾರ್ಖಾನೆಯಿದೆ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ ‘ಮೈಕೊ’ ಎಂದು ಮನೆಮಾತಾದ, 2008ರಲ್ಲಿ ಬಾಷ್ ಎಂಬ ಹೆಸರನ್ನು ತಳೆದ ಸಂಸ್ಥೆಯ ಡೀಸೆಲ್ ಇಂಜೆಕ್ಟರ್‌ಗಳ ತಯಾರಿಕೆಯೂ ಅಲ್ಲಿಯೇ ಇದೆ. ಸಂಭಾಜಿನಗರದ ವಾಳೂಜಿನಲ್ಲಿ ಬಜಾಜ್ ಕಾರ್ಖಾನೆ, ಶೇಂದ್ರದಲ್ಲಿ 2001ರಿಂದ ಸ್ಕೋಡಾ ಕಾರ್ಖಾನೆ. ಕಾರನ್ನು ಕಟ್ಟುವ ಕೈಗಳು ಇಷ್ಟು ಹತ್ತಿರವಿರುವ ಊರಿನಲ್ಲಿಯೂ ಕಾರು ಹಳತಾದಾಗ ಮಾಲೀಕನ ಚಿಂತೆ ಬೇರೆಡೆಯದಕ್ಕಿಂತ ಭಿನ್ನವೇನಲ್ಲ.

ವಾರಂಟಿ, ವಿಮೆ ಮತ್ತು ಇವೆರಡರ ನಡುವಿನ ಕಂದರ

ಸರಕು ಮಾರಾಟ ಅಧಿನಿಯಮ, 1930ರ 12ನೆಯ ಪ್ರಕರಣವು ‘ಷರತ್ತು’ ಮತ್ತು ‘ವಾರಂಟಿ’ಗಳನ್ನು ಬೇರ್ಪಡಿಸಿದೆ. ಮಾರಾಟದ ಮೂಲ ಉದ್ದೇಶಕ್ಕೆ ಅತ್ಯಗತ್ಯವಾದುದು ಷರತ್ತು. ಅದು ಮುರಿದರೆ ಸರಕನ್ನೇ ಹಿಂದಿರುಗಿಸಬಹುದು. ಉದ್ದೇಶಕ್ಕೆ ಪೂರಕವಾದ ಭರವಸೆ ವಾರಂಟಿ. ಅದು ಮುರಿದರೆ ಪರಿಹಾರ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸಲಾಗದು. ಕಾರಿನೊಡನೆ ಬರುವ ಮೂಲ ವಾರಂಟಿಯ ಬೆಲೆ ಕಾರಿನ ಬೆಲೆಯಲ್ಲಿಯೇ ಸೇರಿರುತ್ತದೆ. ವಿಸ್ತೃತ ವಾರಂಟಿಯಾದರೋ ಹೊಸದಾಗಿ ಹಣ ಕೊಟ್ಟು ಮಾಡಿಕೊಳ್ಳುವ ಪ್ರತ್ಯೇಕ ಒಪ್ಪಂದ. ಅದರ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆಯೂ ಬೀಳುತ್ತದೆ. ಹೆಸರು ‘ವಿಸ್ತೃತ’ ಎಂದಿದ್ದರೂ ಮೂಲ ವಾರಂಟಿಯಲ್ಲಿದ್ದುದೆಲ್ಲ ಇದರಲ್ಲಿ ಮುಂದುವರಿಯುತ್ತದೆಂದು ಭಾವಿಸಬಾರದು.

‘ವಿಮೆ ಇದೆಯಲ್ಲ, ಇನ್ನೇಕೆ ವಾರಂಟಿ?’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೋಟಾರು ವಿಮೆ ಅಪಘಾತ, ಕಳವು, ಬೆಂಕಿ, ಪ್ರವಾಹಗಳಿಗೆ ಸಂಬಂಧಿಸಿದ್ದು. ನಮ್ಮ ದೇಶದ ಪ್ರಮಾಣಿತ ಪಾಲಿಸಿಯಲ್ಲಿ ಸವೆತ, ಯಾಂತ್ರಿಕ ವೈಫಲ್ಯ ಮತ್ತು ವಿದ್ಯುತ್ ವೈಫಲ್ಯಗಳನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ನಿಂತ ಕಾರಿನ ಗೇರುಪೆಟ್ಟಿಗೆ ತಾನಾಗಿ ಕೆಟ್ಟರೆ ವಿಮಾ ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಇದಕ್ಕೆ ತದ್ವಿರುದ್ಧವಾದುದು ನೀರಿನ ಹಾನಿ. 2019ರ ಆಗಸ್ಟಿನಲ್ಲಿ ಗೋದಾವರಿ ಉಕ್ಕಿ ನಾಸಿಕದ ರಾಮಕುಂಡದ ಪರಿಸರ ಮುಳುಗಿತು. ಅಲ್ಲಿಯ ಜನ ದುತೋಂಡ್ಯಾ ಮಾರುತಿಯ ವಿಗ್ರಹ ಎಷ್ಟು ಮುಳುಗಿತೆಂಬುದರಿಂದಲೇ ಪ್ರವಾಹವನ್ನು ಅಳೆಯುವರು. ಅಂಥ ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಿದಾಗ ನೀರು ಇಂಜಿನ್ನಿನೊಳಗೆ ಸೇರಿ ಕನೆಕ್ಟಿಂಗ್ ರಾಡು ಬಾಗಿದರೆ, ಅದು ಬಾಹ್ಯ ಕಾರಣದಿಂದಾದ ಹಾನಿಯೆಂದು ವಾರಂಟಿ ಕೈತೊಳೆದುಕೊಳ್ಳುತ್ತದೆ. ಸಾಮಾನ್ಯ ವಿಮೆಯೂ ಅದನ್ನು ಪರೋಕ್ಷ ಹಾನಿಯೆಂದು ನಿರಾಕರಿಸಬಹುದು. ಅದಕ್ಕೆ ಬೇಕಾದುದು ಇಂಜಿನ್ ರಕ್ಷಣೆಯೆಂಬ ಹೆಚ್ಚುವರಿ ವಿಮೆ. ತಗ್ಗು ಪ್ರದೇಶದಲ್ಲಿ ಕಾರು ನಿಲ್ಲಿಸುವವರಿಗೆ ವಿಸ್ತೃತ ವಾರಂಟಿಗಿಂತ ಈ ರಕ್ಷಣೆಯೇ ಹೆಚ್ಚು ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ.

ಸವೆದದ್ದು ಬೇರೆ, ಕೆಟ್ಟದ್ದು ಬೇರೆ

ವಿಸ್ತೃತ ವಾರಂಟಿಯ ಒಪ್ಪಂದವನ್ನು ಓದುವಾಗ ನೆನಪಿಡಬೇಕಾದ ಮುಖ್ಯ ಭೇದ ಇದು. ಕಾರಿನ ಕೆಲವು ಭಾಗಗಳು ಸವೆಯಲೆಂದೇ ಇರುವಂಥವು: ಕ್ಲಚ್ ತಟ್ಟೆ, ಬ್ರೇಕ್ ಪ್ಯಾಡು, ಟಯರು, ಬ್ಯಾಟರಿ, ಬೆಲ್ಟು, ರಬ್ಬರ್ ಬುಷ್, ವೈಪರ್, ಬಲ್ಬು, ಶೋಧಕಗಳು, ತೈಲಗಳು. ಇವುಗಳಲ್ಲಿ ಬಹುತೇಕ ಯಾವುದನ್ನೂ ವಿಸ್ತೃತ ವಾರಂಟಿ ಒಳಗೊಳ್ಳುವುದಿಲ್ಲ. ಮುಂಬಯಿಗೆ ಹೋಗಿಬರುವ ನಾಸಿಕದವರು ಕಸಾರಾ ಘಟ್ಟದ ಏರಿನಲ್ಲಿ ಲಾರಿಗಳ ಹಿಂದೆ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ಎಳೆದಾಗ ಸುಡುವುದು ಕ್ಲಚ್ ತಟ್ಟೆ. ಸಂಭಾಜಿನಗರದ ಬಳಿ ಹಾಯುವ, 2025ರ ಜೂನ್ 5ರಂದು ಪೂರ್ಣವಾಗಿ ತೆರೆದ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗದ ಕಾಂಕ್ರೀಟಿನ ಮೇಲೆ ಬೇಸಿಗೆಯ ಮಧ್ಯಾಹ್ನ ಗಂಟೆಗಟ್ಟಲೆ ವೇಗದಿಂದ ಓಡಿದಾಗ ಬಳಲುವುದು ಟಯರು. ಎರಡೂ ಮಾಲೀಕನ ಖರ್ಚೇ. ಹಳೆಯ ಕಾರಿನ ರಿಪೇರಿ ಪಟ್ಟಿಯನ್ನು ತೆಗೆದು ನೋಡಿದರೆ ಅದರಲ್ಲಿ ಬಹುಪಾಲು ಇಂಥ ಬಾಬುಗಳೇ ಇರುವುದು ಕಂಡುಬರುತ್ತದೆ. ಹಾಗಾಗಿ ‘ಕಾರು ಹಳತಾಯಿತು, ಖರ್ಚು ಹೆಚ್ಚಿತು, ವಾರಂಟಿ ತೆಗೆದುಕೊಳ್ಳೋಣ’ ಎಂಬ ಸರಳ ತರ್ಕ ನಿಲ್ಲುವುದಿಲ್ಲ. ವಯಸ್ಸಿನೊಡನೆ ಹೆಚ್ಚುವ ಖರ್ಚು ಹೆಚ್ಚಾಗಿ ಸವೆತದ್ದು. ವಾರಂಟಿ ಕೊಡುವುದು ವೈಫಲ್ಯಕ್ಕೆ ಮಾತ್ರ.

ವಾರಂಟಿಗೆ ಬೆಲೆ ಬರುವುದು ಇನ್ನೊಂದು ಬಗೆಯ ಭಾಗಗಳಿಂದ: ಇಂಜಿನ್ನಿನ ಒಳಭಾಗ, ಸ್ವಯಂಚಾಲಿತ ಗೇರುಪೆಟ್ಟಿಗೆ, ಟರ್ಬೊ, ವಿದ್ಯುನ್ಮಾನ ನಿಯಂತ್ರಣ ಘಟಕ, ವಿದ್ಯುತ್ ಸ್ಟಿಯರಿಂಗ್, ಹವಾನಿಯಂತ್ರಣದ ಕಂಪ್ರೆಸರ್, ಡೀಸೆಲ್ ಇಂಜೆಕ್ಟರ್. ಇವು ವಿರಳವಾಗಿ ಕೆಡುತ್ತವೆ. ಕೆಟ್ಟಾಗ ಮಾತ್ರ ದೊಡ್ಡ ಮೊತ್ತವನ್ನು ಕೇಳುತ್ತವೆ. ಇಂಜೆಕ್ಟರನ್ನೇ ನೋಡಿ. ಇಂದಿನ ಕಾಮನ್ ರೈಲ್ ಡೀಸೆಲ್ ಇಂಜಿನ್ನಿನಲ್ಲಿ ಅದು 1,600 ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ಅಂತರಗಳ ನಡುವೆ ಕೆಲಸ ಮಾಡಬೇಕು. ಇಂಧನದಲ್ಲಿ ಧೂಳು ಅಥವಾ ನೀರಿನ ಅಂಶವಿದ್ದರೆ ಅದು ಕೆಡುತ್ತದೆ. ಆದರೆ ಕಲಬೆರಕೆ ಅಥವಾ ಮಲಿನ ಇಂಧನದಿಂದಾದ ಹಾನಿಯನ್ನು ಒಪ್ಪಂದಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಭಾಗದ ಹೆಸರು ಪಟ್ಟಿಯಲ್ಲಿದೆ ಎಂದು ಸಮಾಧಾನಪಡದೆ, ಅದು ಕೆಡುವ ಸಾಮಾನ್ಯ ಕಾರಣವೂ ಒಪ್ಪಂದದೊಳಗೆ ಇದೆಯೇ ಎಂದು ನೋಡತಕ್ಕದ್ದು.

ಇಂಧನದ ಮಾತು ಬಂದುದರಿಂದ ಇನ್ನೊಂದು ಸಂಗತಿ. 2023ರ ಏಪ್ರಿಲ್‌ಗಿಂತ ಹಿಂದೆ ತಯಾರಾದ ಅನೇಕ ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ ಶೇ. 10ರಷ್ಟು ಎಥನಾಲ್ ಇರುವ ಇಂಧನದ ಉಲ್ಲೇಖವಿದೆ, ಶೇ. 20ರ ಮಿಶ್ರಣದ ಗುರಿಯನ್ನು ದೇಶವು 2025ರಲ್ಲಿ ತಲಪಿತು. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು. ವಿಸ್ತೃತ ವಾರಂಟಿ ಮಾರುವವರಿಂದ ಈ ಇಂಧನದ ಬಳಕೆ ಒಪ್ಪಂದಕ್ಕೆ ಬಾಧಕವಲ್ಲವೆಂದು ಬರಹದಲ್ಲಿ ಪಡೆಯುವುದು ಜಾಣತನ.

ಒಂದು ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಕೆಳಗಿನ ಮೊತ್ತಗಳು ಲೆಕ್ಕದ ರೀತಿಯನ್ನು ತಿಳಿಸಲು ಹಿಡಿದವು ಮಾತ್ರ. ಓದುಗರು ತಮ್ಮ ಕಾರಿನ ಅಂಕಿಗಳನ್ನು ಅವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು.

ಎರಡು ವರ್ಷದ ವಿಸ್ತೃತ ವಾರಂಟಿಗೆ 18,000 ರೂ. ಎಂದುಕೊಳ್ಳೋಣ. ತೆರಿಗೆ 3,240 ರೂ. ಸೇರಿ 21,240 ರೂ. ಆಯಿತು. ಒಪ್ಪಂದದೊಳಗೆ ಬರುವ ಅತಿ ದೊಡ್ಡ ರಿಪೇರಿಗೆ 80,000 ರೂ. ತಗಲುವುದೆಂದು ಹಿಡಿದರೆ, ಕೇವಲ ಹಣದ ದೃಷ್ಟಿಯಿಂದ ಈ ಖರೀದಿ ಲಾಭಕರವಾಗಲು ಇಂಥ ನಾಲ್ಕು ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಕಾರುಗಳಿಗೆ ಎರಡು ವರ್ಷದೊಳಗೆ ಆ ದೊಡ್ಡ ರಿಪೇರಿ ಬರಬೇಕು. ಅಷ್ಟು ಕಾರುಗಳು ಅಷ್ಟು ಬೇಗ ಕೆಡುವುದಾದರೆ ಮಾರುವವನು ಆ ಬೆಲೆಗೆ ಮಾರುತ್ತಿರಲಿಲ್ಲ. ಹತ್ತರಲ್ಲಿ ಒಂದಕ್ಕೆ ಬರುವುದೆಂದು ಎಣಿಸಿದರೆ ನಿರೀಕ್ಷಿತ ಖರ್ಚು 8,000 ರೂ. ಮಾತ್ರ, ಸಣ್ಣಪುಟ್ಟ ವೈಫಲ್ಯಗಳಿಗೆಂದು ಇನ್ನೂ 5,000 ರೂ. ಸೇರಿಸಿದರೂ 13,000 ರೂ. ಉಳಿದ 8,240 ರೂ. ಮನಸ್ಸಿನ ನೆಮ್ಮದಿಗೆ ತೆತ್ತ ಬೆಲೆ.

ನೆಮ್ಮದಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಅದೇ 21,240 ರೂಪಾಯಿಯನ್ನು ತಿಂಗಳಿಗೆ 885 ರೂ.ನಂತೆ ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಖಾತೆಯಲ್ಲಿ ಕೂಡಿಸಿದರೆ, ಕಾರು ಕೆಡದಿದ್ದಲ್ಲಿ ಪೂರ್ಣ ಹಣ ಮನೆಯಲ್ಲೇ ಉಳಿಯುತ್ತದೆ. ಸವೆದ ಕ್ಲಚ್ಚಿಗೂ ಟಯರಿಗೂ ಆ ಹಣ ಒದಗುತ್ತದೆ, ಯಾರ ಅನುಮತಿಯೂ ಬೇಡ. ಆದರೆ ಮೂರನೆಯ ತಿಂಗಳಿನಲ್ಲಿಯೇ ಗೇರುಪೆಟ್ಟಿಗೆ ಹೋದರೆ ಆ ಖಾತೆಯಲ್ಲಿರುವುದು 2,655 ರೂ. ಮಾತ್ರ. ಇಲ್ಲಿಯೇ ಪ್ರಶ್ನೆಯ ತಿರುಳಿದೆ. ಸರಾಸರಿಯಲ್ಲಿ ವಿಸ್ತೃತ ವಾರಂಟಿ ನಷ್ಟದ ವ್ಯವಹಾರ. ಅದು ಅರ್ಥವತ್ತಾಗುವುದು ಸರಾಸರಿಯನ್ನು ಕಾಯುವಷ್ಟು ಶಕ್ತಿಯಿಲ್ಲದ ಕುಟುಂಬಕ್ಕೆ. ಒಂದೇ ಏಟಿಗೆ 80,000 ರೂ. ಬೇಕಾದರೆ ಬಡ್ಡಿಗೆ ಸಾಲ ತರಬೇಕಾದ ಮನೆ, ಡಯಾಲಿಸಿಸ್‌ಗೆ ವಾರಕ್ಕೆರಡು ಬಾರಿ ಹಿರಿಯರನ್ನು ಕರೆದೊಯ್ಯಬೇಕಾದ ಮನೆ, ಇಂಥವರು 8,240 ರೂ. ಹೆಚ್ಚು ತೆತ್ತರೂ ತಪ್ಪಲ್ಲ. ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚಿನಷ್ಟು ಹಣವಿರುವವರು ಅದೇ ಒಪ್ಪಂದವನ್ನು ಕೊಳ್ಳುವುದು ಅನವಶ್ಯಕ. ಒಂದೇ ಬೀದಿಯ ಎರಡು ಮನೆಗಳಿಗೆ, ಒಂದೇ ಮಾದರಿಯ ಎರಡು ಕಾರುಗಳಿಗೆ, ಉತ್ತರ ಬೇರೆಯಾಗಬಹುದು.

ಕಿಲೋಮೀಟರಿನ ಮಿತಿಯನ್ನೂ ಲೆಕ್ಕದಲ್ಲಿ ಸೇರಿಸಬೇಕು. ಮಾರುತಿ ಸುಜುಕಿ ಸಂಸ್ಥೆಯು 2024ರ ಜುಲೈನಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1,00,000 ಕಿ.ಮೀ.ಗೆ ಏರಿಸಿತು, ವಿಸ್ತೃತ ಯೋಜನೆಯಲ್ಲಿ 6 ವರ್ಷ ಅಥವಾ 1,60,000 ಕಿ.ಮೀ.ವರೆಗೆ ಅವಕಾಶ ನೀಡಿತು. ಎರಡರಲ್ಲಿ ಯಾವುದು ಮೊದಲೋ ಅದೇ ಅಂತ್ಯ. ವರ್ಷಕ್ಕೆ 40,000 ಕಿ.ಮೀ. ಓಡಿಸುವವನಿಗೆ ಆರು ವರ್ಷವೆಂಬುದು ನಾಲ್ಕೇ ವರ್ಷ. ವರ್ಷಕ್ಕೆ 6,000 ಕಿ.ಮೀ. ಓಡಿಸುವ ನಿವೃತ್ತರಿಗೆ ಅವಧಿ ಪೂರ್ತಿ ಸಿಗುತ್ತದೆ, ಆದರೆ ಅವರ ಕಾರು 36,000 ಕಿ.ಮೀ.ಗಳಲ್ಲಿ ದೊಡ್ಡದಾಗಿ ಕೆಡುವ ಸಂಭವವೇ ಕಡಿಮೆ.

ಭರವಸೆ ಕೊಟ್ಟವರು ಯಾರು?

ತಯಾರಕರ ವಿಸ್ತೃತ ವಾರಂಟಿಯನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲೇ ಕೊಳ್ಳಬೇಕಾಗುತ್ತದೆ. ಎಂಟು ಹತ್ತು ವರ್ಷ ದಾಟಿದ ಕಾರಿಗೆ ಬರುವ ಕರೆಗಳು ಹೆಚ್ಚಾಗಿ ಮಾರಾಟ ಮಳಿಗೆಯ ಅಥವಾ ಮೂರನೆಯ ಕಂಪನಿಯೊಂದರ ಯೋಜನೆಗೆ ಸಂಬಂಧಿಸಿದವು. ಎರಡರ ಹೊದಿಕೆ ಒಂದೇ ತೆರನಾಗಿ ಕಂಡರೂ ಬಲ ಬೇರೆ. ತಯಾರಕರದಾದರೆ ದೇಶದ ಯಾವುದೇ ಅಧಿಕೃತ ಕಾರ್ಯಾಗಾರದಲ್ಲಿ ನಡೆಯುವುದು ವಾಡಿಕೆ; ಮಳಿಗೆಯದಾದರೆ ಆ ಮಳಿಗೆಯ ಬಾಗಿಲಿನವರೆಗೆ ಮಾತ್ರ. ನಾಸಿಕದಲ್ಲಿ ಕೊಂಡ ಇಂಥ ಯೋಜನೆಯನ್ನು ವರ್ಗಾವಣೆಯಾಗಿ ಕಲಬುರಗಿಗೆ ಬಂದ ನೌಕರನು ಏನು ಮಾಡಬಲ್ಲ? ಒಂದು ರಾಜ್ಯದ ನೋಂದಣಿಯ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಅಧಿನಿಯಮದ 47ನೆಯ ಪ್ರಕರಣ ಹೇಳುತ್ತದೆ. ಸಂಖ್ಯೆ ಬದಲಾದಾಗ ವಾರಂಟಿಯ ಕಾಗದದಲ್ಲಿಯೂ ಅದನ್ನು ತಿದ್ದಿಸಿಕೊಳ್ಳಬೇಕು.

ಕಂಪನಿಯೇ ಹೊರಟುಹೋದರೆ? ನಾಸಿಕದ ಲೋಗನ್ ಕಾರಿನ ಚರಿತ್ರೆ ಇಲ್ಲಿ ಪ್ರಸ್ತುತ. ಮಹೀಂದ್ರ ಮತ್ತು ಫ್ರಾನ್ಸಿನ ರೆನೋ ಸಂಸ್ಥೆಗಳ ಪಾಲುದಾರಿಕೆಯಲ್ಲಿ ಅದು 2007ರಲ್ಲಿ ಬಂತು. 2010ರಲ್ಲಿ ರೆನೋ ಹೊರನಡೆಯಿತು. ಮಹೀಂದ್ರ ಸಂಸ್ಥೆ ಅದೇ ಕಾರನ್ನು ವೆರಿಟೊ ಎಂಬ ಹೆಸರಿನಲ್ಲಿ ಮುಂದುವರಿಸಿದ್ದರಿಂದ ಹಳೆಯ ಮಾಲೀಕರು ನಡುನೀರಿನಲ್ಲಿ ಉಳಿಯಲಿಲ್ಲ. ಆದರೆ 2017ರಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು ನಿಲ್ಲಿಸಿದ ಜನರಲ್ ಮೋಟಾರ್ಸ್, 2021ರಲ್ಲಿ ಇಲ್ಲಿ ಮಾರುವ ಕಾರುಗಳ ತಯಾರಿಕೆಯನ್ನು ಕೈಬಿಟ್ಟ ಫೋರ್ಡ್ ಇವುಗಳ ಉದಾಹರಣೆಗಳು ನಮ್ಮ ಕಣ್ಣೆದುರಿಗಿವೆ. ಇಂಥ ಕಾರುಗಳಿಗೆ ಸೇವಾಕೇಂದ್ರ ದೂರವಾದಷ್ಟೂ ವಾರಂಟಿ ಕಾಗದದ ಬೆಲೆ ಇಳಿಯುತ್ತದೆ.

ಮಾರುವವನಿಗೂ ತನ್ನದೇ ಆದ ಭಯವಿದೆ ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಕಾರಿನ ದೋಷ ಅದರ ಮಾಲೀಕನಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಇಂಥ ಪೇಟೆ ಹೇಗೆ ಹಾಳಾಗುತ್ತದೆಂಬುದನ್ನು ಹಳೆಯ ಕಾರುಗಳ ಉದಾಹರಣೆಯಿಂದಲೇ ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದರು. 2001ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಳೆಯ ಕಾರಿಗೆ ವಾರಂಟಿ ಕೊಡುವ ಮುನ್ನ ತಪಾಸಣೆ, ಮೊದಲ ಕೆಲವು ವಾರ ಪರಿಹಾರ ಇಲ್ಲವೆಂಬ ನಿಬಂಧನೆ, ಒಟ್ಟು ಮೊತ್ತಕ್ಕೆ ಮಿತಿ ಇವೆಲ್ಲ ಆ ಭಯದಿಂದ ಹುಟ್ಟಿದವು. ತಪಾಸಣೆಯ ವರದಿಯ ಪ್ರತಿಯನ್ನು ಮಾತ್ರ ಕೇಳಿ ಪಡೆಯಲೇಬೇಕು. ಮುಂದೆ ‘ಈ ದೋಷ ಮೊದಲೇ ಇತ್ತು’ ಎಂಬ ವಾದಕ್ಕೆ ಅದೇ ಉತ್ತರ.

ಹೊರಗಿನ ಮೆಕ್ಯಾನಿಕನ ಪ್ರಶ್ನೆ

‘ಹೊರಗೆ ಎಣ್ಣೆ ಬದಲಿಸಿದರೂ ವಾರಂಟಿ ಹೋಯಿತು’ ಎಂಬ ಬೆದರಿಕೆಯನ್ನು ಕೇಳದ ಮಾಲೀಕರಿಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರ ತನ್ನ ಆದೇಶದಲ್ಲಿ ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಕಾರ್ಯಾಗಾರಗಳಿಗೆ ಸಿಗದಂತೆ ತಡೆದುದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ನಾಸಿಕದಲ್ಲಿ ಕಾರ್ಖಾನೆಯಿರುವ ಮಹೀಂದ್ರ, ಸಂಭಾಜಿನಗರದ ಸ್ಕೋಡಾ ಎರಡೂ ಆ ಪಟ್ಟಿಯಲ್ಲಿದ್ದವು. ಸ್ವತಂತ್ರ ಮೆಕ್ಯಾನಿಕನಲ್ಲಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತು ಸಲ್ಲದು, ಆ ಮೆಕ್ಯಾನಿಕನ ಕೆಲಸದ ದೋಷದಿಂದ ಆದ ಹಾನಿಯನ್ನು ಮಾತ್ರ ಹೊರಗಿಡಬಹುದು ಎಂಬುದು ಆ ಆದೇಶದ ಒಂದು ಅಂಶ. ಕಂಪನಿಗಳು ಆದೇಶವನ್ನು ಮೇಲಿನ ವೇದಿಕೆಗಳಲ್ಲಿ ಪ್ರಶ್ನಿಸಿದವು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ‘ರಿಪೇರಿಯ ಹಕ್ಕು’ ಜಾಲತಾಣದಲ್ಲಿ ವಾಹನಗಳೂ ಒಂದು ವಿಭಾಗ. ಇಷ್ಟಾದರೂ ನಿಗದಿತ ಸರ್ವಿಸನ್ನು ತಪ್ಪಿಸಿದರೆ, ಹೊರಗಿನಿಂದ ಸಿ.ಎನ್.ಜಿ. ಕಿಟ್ ಹಾಕಿಸಿದರೆ, ಒಪ್ಪಂದ ಮುರಿಯಿತೆಂದು ಹೇಳಲು ಮಾರಾಟಗಾರನಿಗೆ ಅವಕಾಶ ಕೊಟ್ಟಂತೆ. ಎಣ್ಣೆಯ ಡಬ್ಬಿಯ ರಸೀದಿಯನ್ನೂ ಕಾಪಾಡಿಡಬೇಕು.

ತಯಾರಿಕೆಯಲ್ಲಿಯೇ ದೋಷವಿದ್ದು ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆದರೆ ಆ ದುರಸ್ತಿ ಉಚಿತ. ಅದಕ್ಕೆ ವಿಸ್ತೃತ ವಾರಂಟಿ ಬೇಕಿಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಅಧಿನಿಯಮಕ್ಕೆ ಸೇರಿದ 110ಎ ಪ್ರಕರಣ ಸರ್ಕಾರಕ್ಕೂ ಇಂಥ ಆದೇಶ ನೀಡುವ ಅಧಿಕಾರ ಕೊಟ್ಟಿದೆ. ಹಣ ಕಟ್ಟುವ ಮುನ್ನ ತಮ್ಮ ಕಾರಿನ ಚಾಸಿ ಸಂಖ್ಯೆ ಅಂಥ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಬೇಕು.

ಹದಿನೈದು ವರ್ಷ ಸಮೀಪಿಸಿದ ಕಾರಿನ ಮಾತೇ ಬೇರೆ. ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಂದು 600 ರೂ.ನಿಂದ 5,000 ರೂ.ಗೆ ಏರಿತು. ಅಪಘಾತವಾದಾಗ ಸಾಮಾನ್ಯ ವಿಮೆಯು ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳ ಬೆಲೆಯಲ್ಲಿಯೂ ಅರ್ಧವನ್ನು ಸವಕಳಿಯೆಂದು ಕಳೆಯುತ್ತದೆ. ಇಂಥ ಕಾರಿಗೆ ವಾರಂಟಿ ಮಾರಲು ಬಂದವರನ್ನು ನಯವಾಗಿ ಹಿಂದಕ್ಕೆ ಕಳಿಸುವುದೇ ಮೇಲು.

ಪರಿಹಾರ ನಿರಾಕರಿಸಿದಾಗ

ಕೆಟ್ಟ ಭಾಗವನ್ನು ಬಿಚ್ಚುವ ಮೊದಲೇ ವಾರಂಟಿ ಕಂಪನಿಯ ಅನುಮತಿ ಪಡೆಯಬೇಕೆಂಬ ನಿಬಂಧನೆ ಹಲವು ಒಪ್ಪಂದಗಳಲ್ಲಿರುತ್ತದೆ. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕನಿಂದ ಬಿಚ್ಚಿಸಿ ತಂದರೆ ಹಕ್ಕು ಅಲ್ಲಿಗೇ ಕುಂದಬಹುದು. ನಿರಾಕರಣೆಯನ್ನು ಕಾರಣಸಹಿತ ಬರಹದಲ್ಲಿ ಕೇಳಬೇಕು; ಕಳಚಿದ ಭಾಗದ ಛಾಯಾಚಿತ್ರ ತೆಗೆದಿಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ಅದರಿಂದ ಫಲ ಸಿಗದಿದ್ದರೆ 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಜಿಲ್ಲಾ ಆಯೋಗದ ಮೊರೆಹೋಗಬಹುದು. ವ್ಯಾಜ್ಯದ ಕಾರಣ ಉದ್ಭವಿಸಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ತೆತ್ತ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. 1986ರ ಅಧಿನಿಯಮದಲ್ಲಿ ಇಲ್ಲದಿದ್ದ ಒಂದು ಅನುಕೂಲವೆಂದರೆ, ದೂರುದಾರನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ನಾಸಿಕದಲ್ಲಿ ಕೊಂಡ ವಾರಂಟಿಯ ವ್ಯಾಜ್ಯವನ್ನು ಕಲಬುರಗಿಯವನು ಕಲಬುರಗಿಯಲ್ಲಿಯೇ, 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವಕೀಲರ ಮೂಲಕವೇ ಸಲ್ಲಿಸಬೇಕೆಂಬ ನಿಯಮವಿಲ್ಲ.